ಅಬ್ಬಾರ ಜೀಪಿನಲ್ಲಿ ನಮ್ಮ ಪಾಲು

"ಆಪಾ, ಇಲ್ಲೊಂದು ಸಹಿ ಹಾಕು" ಎಂದು ತಮ್ಮ ಕಾಗದ ಚಾಚಿದ. ಬೈಲಹೊಂಗಲದ ಮನೆಯ ಹಿತ್ತಲಲ್ಲಿ ತುಕ್ಕು ಹಿಡಿದಿದ್ದ ಅಬ್ಬಾರ ಜೀಪನ್ನು ಮತ್ತೆ ಓಡಿಸುವ ಆಸೆ ಅವನಿಗೆ. ಆರ್‌ಸಿ ಪುಸ್ತಕ ಇನ್ನೂ ಅಬ್ಬಾರ ಹೆಸರಿನಲ್ಲೇ ಇತ್ತು. ಮಾಲೀಕರು ತೀರಿಕೊಂಡ 3 ತಿಂಗಳೊಳಗೆ ವಾರಸುದಾರರು 31ನೇ ನಮೂನೆಯಲ್ಲಿ ಅರ್ಜಿ ಕೊಡಬೇಕು. ನಾವು 11 ವರ್ಷ ಸುಮ್ಮನಿದ್ದೆವು.

ಚಾಸಿಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದೆವು. ಸಂಖ್ಯೆ ಸರಿಹೊಂದಿತು. ಎಂಜಿನ್ ಸಂಖ್ಯೆ ಮಾತ್ರ ಬೇರೆ! ಅಬ್ಬಾ ಎಂಜಿನ್ ಬದಲಿಸಿದ್ದನ್ನು ಪುಸ್ತಕದಲ್ಲಿ ಬರೆಸಿರಲೇ ಇಲ್ಲ. ಸದ್ಯ, ಸವದತ್ತಿಯ ಗ್ಯಾರೇಜಿನ ರಸೀದಿ ಅಮ್ಮಿಯ ಟ್ರಂಕಿನಲ್ಲಿತ್ತು.

"ನಮ್ಮ ಪಾಲು?" ಎಂದು ರಾಮದುರ್ಗದಿಂದ ತಂಗಿ ಫೋನಿನಲ್ಲಿ ಕೇಳಿದಳು.

"ಹಳೇ ಕಬ್ಬಿಣದಾಗ ಎಂಥಾ ಪಾಲು!" ಎಂದ ತಮ್ಮ.

ಆಸ್ತಿ ಅಲ್ಪವಿರಲಿ, ಅಧಿಕವಿರಲಿ, ಹೆಣ್ಣಿಗೂ ಪಾಲಿದೆ ಎಂದು ಮಕ್ಕಳಿಗೆ ಪಾಠ ಹೇಳುವ ನಾನೇ ಸಹಿಗೆ ಪೆನ್ನು ತೆರೆದು ಕೂತಿದ್ದೆ. ನಾಚಿಕೆಯಾಯಿತು. ಬೆಲೆ ಕಟ್ಟಿಸಿದೆವು. ಅಮ್ಮಿಗೆ ಎಂಟರಲ್ಲಿ ಒಂದು; ಉಳಿದದ್ದರಲ್ಲಿ ತಮ್ಮನಿಗೆ ಎರಡು ಪಾಲು, ನಮಗೆ ಒಂದೊಂದು. ತಂಗಿಯ ಹಣ ಅವಳ ಕೈಸೇರಿದ ದಿನ ಸಹಿ ಹಾಕಿದೆ.