ಕೊಡೋದು ಸುಲಭ, ವಾಪಸ್ ತಗೊಳ್ಳೋದು ಕಷ್ಟ

ಹೊಲದ ಬದು ಒಂದು ಗೇಣು ಸರಿದರೂ ಊರಲ್ಲಿ ಪಂಚಾಯ್ತಿ ಸೇರುತ್ತೆ. ಡಿಸ್ಕಿನ ಪಾರ್ಟಿಷನ್ನೂ ಮೊದಲು ಹಂಗೇ ಇತ್ತು. ಒಮ್ಮೆ ಗೆರೆ ಹಾಕಿದರೆ ಮುಗೀತು. ಪಕ್ಕದ್ದು ಖಾಲಿ ಬಿದ್ದಿದ್ದರೂ ತುಂಬಿದ್ದಕ್ಕೆ ಪ್ರಯೋಜನವಿಲ್ಲ. ಇದಕ್ಕೆ ಲಿನಕ್ಸ್‌ನಲ್ಲಿರುವ ಉತ್ತರ ಎಲ್‌ವಿಎಂ, ಅಂದರೆ ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್. 1998ರಲ್ಲಿ ಹೈಂಟ್ಸ್ ಮೌಲ್ಸ್‌ಹಾಗನ್ ಇದನ್ನು ಬರೆದರು. ಎಚ್‌ಪಿ-ಯುಎಕ್ಸ್‌ನಲ್ಲಿದ್ದ ವ್ಯವಸ್ಥೆ ಇದಕ್ಕೆ ಮಾದರಿ.

ಲೆಕ್ಕ ಸರಳ. ಡಿಸ್ಕುಗಳನ್ನೆಲ್ಲ ಸೇರಿಸಿದರೆ ಒಂದು ವಾಲ್ಯೂಮ್ ಗ್ರೂಪ್. ಅದು ಸಾಮಾನ್ಯವಾಗಿ 4 ಎಂಬಿ ತುಂಡುಗಳ ರಾಶಿ. ಅದರಿಂದ ಬೇಕಾದಷ್ಟು ತುಂಡು ಎತ್ತಿಕೊಟ್ಟರೆ ಒಂದು ಲಾಜಿಕಲ್ ವಾಲ್ಯೂಮ್. ತುಂಡುಗಳು ಅಕ್ಕಪಕ್ಕ ಇರಲೇಬೇಕು ಅಂತೇನಿಲ್ಲ.

ನಮ್ಮ ಲ್ಯಾಬ್ ಸರ್ವರ್‌ನ ಹೋಮ್ ತುಂಬಿದಾಗ ಫೈನಲ್ ಇಯರ್‌ನವರ ಪ್ರಾಜೆಕ್ಟ್ ಸಬ್‌ಮಿಷನ್‌ಗೆ ಎರಡೇ ದಿನ ಇತ್ತು. ಯಾರ ಫೈಲೂ ಸೇವ್ ಆಗ್ತಿರಲಿಲ್ಲ. ಸರ್ ನಮ್ಮಿಬ್ಬರನ್ನು ಕನ್ಸೋಲ್ ಮುಂದೆ ಕೂರಿಸಿ, "ನೋಡ್ರಪ್ಪ, ಹುಷಾರು" ಅಂದರು. ವಿಜಿಎಸ್ ಕಮಾಂಡ್ ಕೊಟ್ಟರೆ ಗ್ರೂಪಿನಲ್ಲಿ ಉಳಿದಿದ್ದ ಜಾಗ 0. ಡಿಎಫ್ ನೋಡಿದರೆ ಹಳೇ ಬ್ಯಾಚ್‌ಗಳ ಪ್ರಾಜೆಕ್ಟ್ ಇಟ್ಟಿದ್ದ ವಾಲ್ಯೂಮ್ ಅರ್ಧ ಖಾಲಿ. ಹಿಂದೆ ನಿಂತಿದ್ದವರೆಲ್ಲ, "ಅಲ್ಲಿಂದ 100 ಜಿಬಿ ಕಿತ್ಕೊಳ್ರೋ" ಅಂತ ಶುರು ಮಾಡಿದರು.

ಕಿತ್ಕೊಳ್ಳಬಹುದು, ಆದರೆ ಅದಕ್ಕೊಂದು ಕ್ರಮ ಇದೆ. ಇಎಕ್ಸ್‌ಟಿ4 ಆದರೆ ಮೊದಲು ಅನ್‌ಮೌಂಟ್, ಆಮೇಲೆ ಚೆಕ್, ಆಮೇಲೆ ಫೈಲ್‌ಸಿಸ್ಟಮ್ ಕುಗ್ಗಿಸೋದು, ಕೊನೆಗೆ ಎಲ್‌ವಿರಿಡ್ಯೂಸ್. ಈ ಸಾಲು ತಿರುಗುಮುರುಗಾದರೆ ಫೈಲ್‌ಸಿಸ್ಟಮ್‌ನ ಬಾಲವೇ ಕತ್ತರಿಸಿಹೋಗುತ್ತೆ. ಯಾವ ತುಂಡು ಯಾರದು ಅನ್ನೋ ನಕ್ಷೆಯ ಹಳೇ ಪ್ರತಿ ಎಲ್‌ವಿಎಂ ಹತ್ತಿರ ಇರುತ್ತೆ, ನಿಜ. ಆದರೆ ಆ ತುಂಡುಗಳ ಮೇಲೆ ಬೇರೆಯವರು ಬರೆದ ಮೇಲೆ ಹಳೇ ಡೇಟಾ ಬರಲ್ಲ. ಆ ವಾಲ್ಯೂಮಿಗೆ ಬ್ಯಾಕಪ್ ಇರಲಿಲ್ಲ. ಅದರಲ್ಲಿದ್ದ ಕೆಲಸ ನಮ್ಮದಲ್ಲ, ಪಾಸಾಗಿ ಹೋದ ಸೀನಿಯರ್‌ಗಳದ್ದು. ಬೇಡ ಅನ್ನೋಕೆ ಅವರು ಅಲ್ಲಿರಲಿಲ್ಲ. ಹಾಗಾಗಿ ಅವರ ಪರವಾಗಿ ನಾವೇ ಬೇಡ ಅಂದ್ವಿ.

ಸ್ಟೋರ್ ರೂಮಿನಲ್ಲಿ ಹೊಸ 500 ಜಿಬಿ ಡಿಸ್ಕ್ ಇದೆ ಅಂತ ಲ್ಯಾಬ್ ಅಣ್ಣ ನೆನಪಿಸಿದರು. ಅದನ್ನು ಹಾಕಿಸಿದ ಮೇಲೆ ಬೇಕಾಗಿದ್ದು ಮೂರೇ ಕಮಾಂಡು: ಪಿವಿಕ್ರಿಯೇಟ್‌ನಿಂದ ಡಿಸ್ಕನ್ನು ಎಲ್‌ವಿಎಂಗೆ ಪರಿಚಯಿಸೋದು, ವಿಜಿಎಕ್ಸ್‌ಟೆಂಡ್‌ನಿಂದ ಗ್ರೂಪಿಗೆ ಸೇರಿಸೋದು, ಎಲ್‌ವಿಎಕ್ಸ್‌ಟೆಂಡ್‌ನಿಂದ ಹೋಮನ್ನು ಹಿಗ್ಗಿಸೋದು. ಕೊನೆಯದಕ್ಕೆ ಮೈನಸ್ ಆರ್ ಸೇರಿಸಿದರೆ ಫೈಲ್‌ಸಿಸ್ಟಮ್ ಕೂಡ ಜೊತೆಗೇ ಹಿಗ್ಗುತ್ತೆ. ಹೋಮ್ ಅನ್‌ಮೌಂಟ್ ಮಾಡಬೇಕಾಗಲಿಲ್ಲ, ಕೆಲಸ ಮಾಡ್ತಿದ್ದವರನ್ನು ಎಬ್ಬಿಸಬೇಕಾಗಲಿಲ್ಲ.

500ರಲ್ಲಿ ಹೋಮ್‌ಗೆ ಕೊಟ್ಟಿದ್ದು 100 ಮಾತ್ರ. "ಪೂರ್ತಿ ಕೊಡ್ರೋ, ಜಿಪುಣರು" ಅಂತ ಬೈಸಿಕೊಂಡ್ವಿ. ಆದರೆ ಹಿಗ್ಗಿಸೋಕೆ ಒಂದು ಸಾಲು ಸಾಕು, ಕುಗ್ಗಿಸೋಕೆ ಎಲ್ಲರ ಕೆಲಸ ನಿಲ್ಲಿಸಬೇಕು. ಎಕ್ಸ್‌ಎಫ್‌ಎಸ್ ಆಗಿದ್ದರಂತೂ ಕುಗ್ಗಿಸೋ ಮಾತೇ ಬಿಡಿ. ಉಳಿದಿದ್ದು ಗ್ರೂಪಿನಲ್ಲೇ ಇದೆ, ಮುಂದಿನ ಬ್ಯಾಚ್‌ಗೆ. ನೀವು ಆ ಕುರ್ಚಿಯಲ್ಲಿ ಕೂತಾಗ ಮೊದಲು ವಿಜಿಎಸ್ ಕೊಟ್ಟು ನೋಡಿ, ಬೇಕಾದಷ್ಟೇ ತಗೊಳ್ಳಿ.