ಹಡಗಿಗೂ ವಿಮಾನಕ್ಕೂ ನಡುವೆ

ಪ್ರಯಾಣವೆಂದರೆ ಹೊರಡುವುದು ಮತ್ತು ಸೇರುವುದು, ಇಷ್ಟೇ ಎಂದು ಜನರು ಸಾಮಾನ್ಯವಾಗಿ ಎಣಿಸುತ್ತಾರೆ. ನಡುವೆ ಕಾಯುವುದೆಂಬ ಮೂರನೆಯದೊಂದುಂಟೆಂದು ಲೆಕ್ಕಕ್ಕೆ ಹಿಡಿಯುವವರು ವಿರಳ. ಹಿಂದಿನವರಿಗೆ ಇದು ಹೊಸ ಸಂಗತಿಯಾಗಿರಲಿಲ್ಲ. ಹೊಳೆ ತುಂಬಿದಾಗ ಹರಿಗೋಲಿಗಾಗಿ ದಡದಲ್ಲಿ ಕುಳಿತವರು ಬುತ್ತಿ ಬಿಚ್ಚಿ ಉಂಡು, ಎಲೆಯಡಿಕೆ ಹಾಕಿಕೊಂಡು, ಗುಡಿಯ ಜಗಲಿಯ ಮೇಲೆ ಒಂದು ನಿದ್ರೆಯನ್ನೂ ತೆಗೆಯುತ್ತಿದ್ದರು. ಈಗಿನ ಪ್ರಯಾಣದಲ್ಲಿ ವಾಹನಗಳು ವೇಗವಾಗಿವೆ. ಜಗಲಿಗಳು ಮಾತ್ರ ಇಲ್ಲವಾಗಿವೆ.

ಗೊರೂರಿನ ನಿವೃತ್ತ ಉಪಾಧ್ಯಾಯರೊಬ್ಬರಿಗೂ ಅವರ ಪತ್ನಿಗೂ ಇದರ ಅನುಭವವಾದುದು ಕೊಚ್ಚಿಯಲ್ಲಿ. ಬೆಂಗಳೂರಿನಲ್ಲಿರುವ ಮಗನು ತಂದೆತಾಯಿಗಳಿಗೆ ಸಮುದ್ರವನ್ನು ತೋರಿಸಬೇಕೆಂಬ ಆಸೆಯಿಂದ, ಮುಂಬಯಿಯಿಂದ ಕೊಚ್ಚಿಗೆ ಬರುವ ವಿಹಾರದ ಹಡಗೊಂದರಲ್ಲಿ ಅವರಿಗೆ ಸ್ಥಳವನ್ನು ಗೊತ್ತುಮಾಡಿದ್ದನು. ಅಲ್ಲಿಂದ ಬೆಂಗಳೂರಿಗೆ ವಿಮಾನ. ಎಲ್ಲವೂ ಸರಿಯೇ, ಆದರೆ ಹಡಗು ಬಿಡಬೇಕಾದುದು ಬೆಳಗ್ಗೆ ಒಂಬತ್ತಕ್ಕೆ, ವಿಮಾನವಾದರೋ ರಾತ್ರಿ ಹತ್ತೂವರೆಗೆ. ನಡುವಣ ಹದಿಮೂರೂವರೆ ಗಂಟೆಗಳ ವಿಚಾರವನ್ನು ಮಗನು ಮರೆತಿದ್ದನು. ಮರೆತುದಕ್ಕಾಗಿ ಆತನನ್ನು ದೂರತಕ್ಕದ್ದಿಲ್ಲ. ಚೀಟಿಯ ಮೇಲೆ ಹೊರಡುವ ಹೊತ್ತು ಸೇರುವ ಹೊತ್ತುಗಳನ್ನು ಅಚ್ಚುಮಾಡುತ್ತಾರೆಯೇ ಹೊರತು ನಡುವಿನ ಹೊತ್ತನ್ನು ಯಾರೂ ಅಚ್ಚುಮಾಡುವುದಿಲ್ಲ.

ವಿಹಾರದ ಹಡಗಿನವರ ಮರ್ಯಾದೆಯು ಕಡೆಯ ರಾತ್ರಿಯವರೆಗೆ ಮಾತ್ರ. ಆ ರಾತ್ರಿಯೇ ದೊಡ್ಡ ಪೆಟ್ಟಿಗೆಗಳನ್ನು ಕೋಣೆಯ ಹೊರಗೆ ಇಡತಕ್ಕದ್ದೆಂದು ಅಪ್ಪಣೆಯಾಗುತ್ತದೆ. ಬೆಳಗಿನ ಉಪಾಹಾರ ಮುಗಿಯುತ್ತಲೇ, ನಿನ್ನೆ ಮಹಾರಾಜರಂತೆ ಇದ್ದವರು ಕೋಣೆಯನ್ನು ತೆರವುಮಾಡಬೇಕು. ಏಕೆಂದರೆ ಸಂಜೆಗೆ ಬೇರೆ ಮಹಾರಾಜರು ಬರುವವರಿದ್ದಾರೆ. ಮೇಷ್ಟರು ರಕ್ತದೊತ್ತಡದ ಗುಳಿಗೆಗಳನ್ನು ಪೆಟ್ಟಿಗೆಯಲ್ಲಿಯೇ ಇಟ್ಟು ಹೊರಗೆ ಕಳುಹಿಸಿಬಿಡುವುದರಲ್ಲಿದ್ದರು. ಪತ್ನಿ ಅದನ್ನು ಕಂಡು ಗುಳಿಗೆಗಳನ್ನೂ ಒಂದು ಜೊತೆ ಮಡಿ ಬಟ್ಟೆಯನ್ನೂ ಕೈಚೀಲಕ್ಕೆ ಹಾಕಿಕೊಂಡರು. ಇಂಥ ಪ್ರಯಾಣ ಮಾಡುವವರು ಮತ್ತೇನನ್ನು ಮರೆತರೂ ಇದೊಂದನ್ನು ಮರೆಯಬಾರದು.

ಕೆಳಗಿಳಿದಾಗ ಇಬ್ಬರಿಗೂ ನೆಲವೇ ತೊಟ್ಟಿಲಿನಂತೆ ತೂಗುತ್ತಿತ್ತು. ನೆಡುಂಬಾಶೇರಿಯ ವಿಮಾನನಿಲ್ದಾಣವು ಅಲ್ಲಿಗೆ ಮೂವತ್ತು ಕಿಲೋಮೀಟರಿಗೂ ಮಿಕ್ಕ ದೂರ. ಸೂರ್ಯನ ಬಿಸಿಲಿನಿಂದಲೇ ತನಗೆ ಬೇಕಾದ ವಿದ್ಯುತ್ತನ್ನೆಲ್ಲ ಉತ್ಪಾದಿಸುವ ಏರ್ಪಾಟನ್ನು ೨೦೧೫ರಲ್ಲಿ ಮಾಡಿಕೊಂಡು ಜಗತ್ತಿಗೆ ಮೊದಲಿಗನೆನಿಸಿದ ನಿಲ್ದಾಣವದು. ಅಲ್ಲಿಗೇ ಹೋಗಿ ಕುಳಿತುಬಿಡೋಣವೆಂಬುದು ಮೇಷ್ಟರ ಮೊದಲ ಯೋಚನೆ. ಆದರೆ ವಿಮಾನದವರು ಹೊರಡುವುದಕ್ಕೆ ಕೆಲವು ಗಂಟೆಗಳ ಮುಂಚೆಯಷ್ಟೇ ಪೆಟ್ಟಿಗೆಗಳನ್ನು ಸ್ವೀಕರಿಸುತ್ತಾರೆ. ಬೆಳಗ್ಗೆಯೇ ಹೋದವನು ಬಾಗಿಲಲ್ಲಿ ಪೆಟ್ಟಿಗೆಗಳಿಗೆ ಕಾವಲುಗಾರನಾಗಬೇಕಾಗುತ್ತದೆ. ಆದಕಾರಣ ಅವರು ಹಿಂದಿನಿಂದ ಲೆಕ್ಕ ಹಾಕಿದರು: ಎಂಟಕ್ಕೆ ನಿಲ್ದಾಣದಲ್ಲಿರಬೇಕಾದರೆ, ಸಂಜೆಯ ವಾಹನಸಂದಣಿಯನ್ನು ಎಣಿಸಿ, ಆರಕ್ಕೆ ಹೊರಡಬೇಕು. ಅಲ್ಲಿಯವರೆಗೆ ದಿನಬಾಡಿಗೆಗೆ ಒಂದು ಟ್ಯಾಕ್ಸಿ. ಪೆಟ್ಟಿಗೆಗಳು ಅದರ ಬೆನ್ನಿನಲ್ಲಿ. ಚಾಲಕನು ಕೆಲವು ಕಾಲ ಬೆಂಗಳೂರಿನಲ್ಲಿದ್ದವನಾದುದರಿಂದ ಹರಕು ಮುರುಕು ಕನ್ನಡವನ್ನು ಬಲ್ಲವನಾಗಿದ್ದನು.

ರೇವಿನಿಂದ ಹೊರಡುತ್ತಲೇ ಆತನು, ತಾವು ನಿಂತಿರುವ ವಿಲಿಂಗ್ಡನ್ ದ್ವೀಪದ ಬಹುಭಾಗವು ದೇವರು ಮಾಡಿದ್ದಲ್ಲ, ಮನುಷ್ಯರು ಮಾಡಿದ್ದೆಂದು ಹೆಮ್ಮೆಯಿಂದ ಹೇಳಿದನು. ಮಾತು ನಿಜವೇ. ೧೯೨೦ರಲ್ಲಿ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರು, ಅಳಿವೆಯ ಬಾಯಿಗೆ ಅಡ್ಡಲಾಗಿದ್ದ ಮರಳುದಿಬ್ಬವನ್ನು ಕಡಿಸಿ, ಹಡಗುಗಳಿಗೆ ಆಳವಾದ ದಾರಿಯನ್ನು ತೋಡಿಸಿ, ತೆಗೆದ ಹೂಳನ್ನೇ ಹಿನ್ನೀರಿನಲ್ಲಿ ಹೇರಿಸಿ ಈ ನೆಲವನ್ನು ಎಬ್ಬಿಸಿದನು. ಮೇಷ್ಟರು ತಲೆದೂಗಿದರು. ಪತ್ನಿಯು ಕಿಟಕಿಯ ಹೊರಗೆ ನೋಡುತ್ತ, "ಇಲ್ಲಿ ನೀರಿನೊಳಗಿಂದ ಊರು ತೆಗೆದರು" ಎಂದರು. ಮುಂದಕ್ಕೆ ಏನನ್ನೂ ಹೇಳಲಿಲ್ಲ.

ಮಟ್ಟಾಂಚೇರಿಯ ಅರಮನೆಯನ್ನು ನೋಡಿದುದಾಯಿತು. ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ಅರಸನಿಗೆ ಕಾಣಿಕೆಯಾಗಿ ಕೊಟ್ಟು, ತರುವಾಯ ಡಚ್ಚರು ದುರಸ್ತಿ ಮಾಡಿದ ಈ ಮನೆಯ ಗೋಡೆಗಳ ಮೇಲೆ ರಾಮಾಯಣದ ಚಿತ್ರಗಳಿವೆ. ಸಮೀಪದಲ್ಲಿಯೇ ೧೫೬೮ರಲ್ಲಿ ಕಟ್ಟಿದ ಯೆಹೂದ್ಯರ ಪ್ರಾರ್ಥನಾಮಂದಿರ. ಅಂದು ಶನಿವಾರ, ಅವರ ವಿಶ್ರಾಂತಿಯ ದಿನವಾದುದರಿಂದ ಬಾಗಿಲು ಮುಚ್ಚಿತ್ತು. ಕೋಟೆಯ ಭಾಗದ ಸಂತ ಫ್ರಾನ್ಸಿಸರ ಇಗರ್ಜಿಯಲ್ಲಿ ಮೇಷ್ಟರಿಗೆ ವಿಶೇಷ ಸಂತೋಷವಾಯಿತು. ೧೫೨೪ರಲ್ಲಿ ಕೊಚ್ಚಿಯಲ್ಲಿ ಮೃತನಾದ ವಾಸ್ಕೋ ಡ ಗಾಮನನ್ನು ಹೂಳಿದುದು ಅಲ್ಲಿಯೇ; ಆತನ ಅಸ್ಥಿಗಳನ್ನು ಪೋರ್ಚುಗಲ್ಲಿಗೆ ಒಯ್ದುದು ಸುಮಾರು ಹದಿನಾಲ್ಕು ವರ್ಷಗಳ ತರುವಾಯ. "ಹಡಗಿನಿಂದಿಳಿದು ಮುಂದಿನ ಪ್ರಯಾಣಕ್ಕೆ ನಮಗಿಂತ ಹೆಚ್ಚು ಕಾದವನು ಇವನೊಬ್ಬ" ಎಂದು ನಕ್ಕರು. ಪತ್ನಿಗೆ ನಗು ಬರಲಿಲ್ಲ, ಕಾಲು ನೋಯುತ್ತಿತ್ತು. ಗುಜರಾತಿ ಬೀದಿಯಲ್ಲಿ ಶಾಕಾಹಾರದ ಊಟ ಮುಗಿಸಿದಾಗ ಇನ್ನೂ ಎರಡು ಗಂಟೆ. ಮೇಷ್ಟರ ಪಟ್ಟಿಯಲ್ಲಿ ಇನ್ನೂ ಎರಡು ವಸ್ತುಸಂಗ್ರಹಾಲಯಗಳಿದ್ದುವು. ಆಕೆ ಅವನ್ನು ನೋಡಲು ಬರುವುದಿಲ್ಲವೆಂದರು.

ಕಡಲಂಚಿನ ದೊಡ್ಡ ಮಳೆಮರಗಳ ನೆರಳಿನಲ್ಲಿ ಇಬ್ಬರೂ ಕುಳಿತರು. ಎದುರಿಗೆ ಚೀನೀ ಬಲೆಗಳು. ಉದ್ದವಾದ ಮರದ ತೋಳಿಗೆ ಬಲೆಯನ್ನು ಕಟ್ಟಿ, ಹಿಂಬದಿಗೆ ಕಲ್ಲುಗಳನ್ನು ತೂಕಕ್ಕಾಗಿ ತೂಗುಬಿಟ್ಟಿರುತ್ತಾರೆ. ನಾಲ್ಕಾರು ಜನ ಹಗ್ಗ ಹಿಡಿದು ಜಗ್ಗಿದರೆ ಬಲೆಯು ಮೇಲೇಳುತ್ತದೆ. ಅದು ಮುಳುಗುವುದು, ಸ್ವಲ್ಪ ಹೊತ್ತು ನೀರಿನಲ್ಲಿರುವುದು, ಏಳುವುದು. ಬಹಳ ಸಾರಿ ಅದರಲ್ಲಿ ಏನೂ ಇರುವುದಿಲ್ಲ. ಬಹಳ ಹೊತ್ತು ಅದನ್ನೇ ನೋಡುತ್ತಿದ್ದ ಆಕೆ, "ಹೀಗೆ ಒಂದು ದಿನ ಕೂತಿದ್ದೆ" ಎಂದು ಮೆಲ್ಲನೆ ಪ್ರಾರಂಭಿಸಿದರು.

ಆಕೆಯ ತವರೂರು ಹೇಮಾವತಿಯ ಜಲಾಶಯದಲ್ಲಿ ಮುಳುಗಿದ ಊರುಗಳಲ್ಲೊಂದು. ೧೯೭೯ರಲ್ಲಿ ಪೂರ್ತಿಯಾದ ಅಣೆಕಟ್ಟು ಗೊರೂರಿನ ಮಗ್ಗುಲಲ್ಲೇ ಇದೆ. ಅದರ ಎತ್ತರ ೫೮ ಮೀಟರು, ಉದ್ದ ನಾಲ್ಕೂವರೆ ಕಿಲೋಮೀಟರಿಗೂ ಮಿಗಿಲು, ಹಿಡಿಯುವ ನೀರು ೩೭ ಟಿ.ಎಂ.ಸಿ. ಎಂದು ಮೇಷ್ಟರು ವರ್ಷವರ್ಷವೂ ಮಕ್ಕಳಿಂದ ಬರೆಯಿಸಿದವರು; ಮಕ್ಕಳನ್ನು ಸಾಲಾಗಿ ಕರೆದೊಯ್ದು ತೋರಿಸಿದವರು. ಪತ್ನಿಯು ಒಂದು ದಿನವಾದರೂ ಅದರ ಮೇಲೆ ಕಾಲಿಟ್ಟವರಲ್ಲ. ಬಿಸಿಲಿಗೆ ಆಗುವುದಿಲ್ಲವೆಂದು ಆಕೆ ಹೇಳುತ್ತಿದ್ದುದನ್ನು ನಾಲ್ವತ್ತೈದು ವರ್ಷಗಳ ಕಾಲ ಮೇಷ್ಟರು ನಂಬಿದ್ದರು.

ಮನೆ ಬಿಟ್ಟ ದಿನ ಆಕೆಗೆ ಹದಿನೆಂಟು ವರ್ಷ; ವಿವಾಹವಾಗಿರಲಿಲ್ಲ. ಬೆಳಗ್ಗೆ ಬಂದ ಲಾರಿಯು ಪಾತ್ರೆ ಪಡಗ, ಕಣಜದ ಕಾಳು, ಕಿತ್ತ ಬಾಗಿಲುಗಳು, ತೊಲೆಗಳು ಎಲ್ಲವನ್ನೂ ಹೇರಿಕೊಂಡು ಹೋಯಿತು. ಎರಡನೆಯ ಸಾರಿಗೆ ಅದು ಬಂದುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ತಾಯಿ ಮಗಳಿಬ್ಬರೇ ಬಾಗಿಲಿಲ್ಲದ ಮನೆಯಲ್ಲಿ. ಒಲೆಯಿದ್ದರೂ ಪಾತ್ರೆಯಿರಲಿಲ್ಲ. ಏನು ಮಾಡುವುದಕ್ಕೂ ತೋಚದೆ ತಾಯಿಯು ಹಿತ್ತಲಿಗೆ ಹೋಗಿ ಮಡಿಲುತುಂಬ ಅವರೆಕಾಯಿ ಕಿತ್ತು ತಂದರು. ಇಬ್ಬರೂ ಸಂಜೆಯವರೆಗೆ ಸುಲಿದರು. "ಸಿಪ್ಪೆಯನ್ನು ಗುಡಿಸಿ ತಿಪ್ಪೆಗೆ ಹಾಕಿ ಬಂದಳು ನಮ್ಮಮ್ಮ. ಮುಳುಗುವ ತಿಪ್ಪೆಗೆ!" ಎಂದು ಆಕೆ ನಕ್ಕರು. ಬಾಗಿಲು ಲಾರಿಯ ಮೇಲೆ ಹೋಗಿದ್ದರೂ ಬೀಗದ ಕೈ ಮಾತ್ರ ತಾಯಿಯ ಸೊಂಟದಲ್ಲಿಯೇ ಇದ್ದಿತಂತೆ.

ಮೇಷ್ಟರು ಏನನ್ನೂ ಹೇಳಲಾರದೆ ಹೋದರು. ಪಾಠ ಹೇಳಿ ಅಭ್ಯಾಸವಾದವರಿಗೆ ಕೇಳುವುದು ಕಷ್ಟ. ಮನೆಯಲ್ಲಿದ್ದಿದ್ದರೆ ಅಷ್ಟರೊಳಗೆ ಯಾರಾದರೂ ಬಾಗಿಲು ತಟ್ಟುತ್ತಿದ್ದರು, ಇಲ್ಲವೆ ಹಾಲು ಉಕ್ಕುತ್ತಿದ್ದಿತು. ಅಲ್ಲಿ ಬಾಗಿಲೂ ಇರಲಿಲ್ಲ, ಹಾಲೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಖರ್ಚಿನ ಲೆಕ್ಕ ಬರೆಯುವ ಪುಸ್ತಕವನ್ನು ತೆಗೆದು, ಖಾಲಿ ಹಾಳೆಯೊಂದರಲ್ಲಿ ಎರಡು ಗೆರೆ ಎಳೆದು, "ನಿಮ್ಮ ಬೀದಿ ಮೂಡಲಿಂದ ಪಡುವಲಿಗೋ, ತೆಂಕಲಿಂದ ಬಡಗಲಿಗೋ?" ಎಂದು ಕೇಳಿದರು.

ಆರು ಗಂಟೆಗೆ ಚಾಲಕನೇ ಬಂದು ಎಚ್ಚರಿಸಬೇಕಾಯಿತು. ದಾರಿಯುದ್ದಕ್ಕೂ ಲೇಖನಿಯು ಕುಲುಕಾಟಕ್ಕೆ ಸಿಕ್ಕಿ ಅಕ್ಷರಗಳು ಸೊಟ್ಟಗಾದುವು. ನಿಲ್ದಾಣದಲ್ಲಿ ಪೆಟ್ಟಿಗೆಗಳನ್ನು ಒಪ್ಪಿಸಿ, ತಪಾಸಣೆಯನ್ನು ಮುಗಿಸಿ ಒಳಗೆ ಕುಳಿತಾಗ, ವಿಮಾನವು ನಲವತ್ತು ನಿಮಿಷ ತಡವೆಂಬ ಘೋಷಣೆಯಾಯಿತು. ಸುತ್ತಲಿನವರು ಗೊಣಗುತ್ತ ಎದ್ದರು. ಇವರಿಬ್ಬರು ಏಳಲಿಲ್ಲ. ಬಲಗಡೆಯ ಸಾಲು ಮುಗಿದಿತ್ತು. ಎಡಗಡೆಯ ಸಾಲಿನಲ್ಲಿ ಬಾವಿಯಿಂದಾಚೆಗೆ ಇನ್ನೂ ನಾಲ್ಕು ಮನೆಗಳು ಉಳಿದಿದ್ದುವು.