ಮೂರನೆಯ ಮಗ್ಗ

ಚಳ್ಳಕೆರೆಯಲ್ಲಿ ಕಂಬಳಿಯ ಮಗ್ಗ, ಮೊಳಕಾಲ್ಮೂರಿನಲ್ಲಿ ರೇಷ್ಮೆಯ ಮಗ್ಗ. ಇವೆರಡನ್ನೂ ನಾಡು ಬಲ್ಲದು. ಇವುಗಳ ನಡುವಣ ಜಾಲಿ, ಕತ್ತಾಳೆಗಳ ಬಯಲಿನಲ್ಲಿ ಮೂರನೆಯದೊಂದು ಮಗ್ಗವುಂಟು. ಅದಕ್ಕೆ ಗುಂಡಿ ಬೇಡ, ಲಾಳಿ ಬೇಡ, ಸಾಲ ಕೊಡುವ ಸಾಹುಕಾರನೂ ಬೇಡ.

ನೇಯುವವಳು ಒಂದು ಜೇಡ. 1887ರಲ್ಲಿ ಸ್ವೀಡನ್ನಿನ ಥೊರೆಲ್ ಎಂಬ ವಿದ್ವಾಂಸರು ಇದನ್ನು ವರ್ಣಿಸಿ ‘ಆರ್ಜಿಯೋಪಿ ಅನಸೂಯ’ ಎಂದು ನಾಮಕರಣ ಮಾಡಿದರು. ಕೇಳಿದೊಡನೆ ಶಕುಂತಲೆಯ ಸಖಿ ನೆನಪಾಗುವ ಹೆಸರು! ಹೆಣ್ಣಿನ ಮೈ ಒಂದು ಸೆಂಟಿಮೀಟರಿನ ಆಸುಪಾಸು; ಬೆನ್ನ ಮೇಲೆ ಹಳದಿ, ಕಂದು, ಬಿಳುಪಿನ ಅಡ್ಡಪಟ್ಟೆಗಳು. ಗಂಡು ಬಲು ಚಿಕ್ಕದು, ಬಣ್ಣವೂ ಮಂಕು. ಈ ಕುಲದಲ್ಲಿ ಸಮಾಗಮದ ಹೊತ್ತಿಗೆ ಹೆಣ್ಣು ಗಂಡನ್ನೇ ತಿಂದುಬಿಡುವುದುಂಟು. ಅಸೂಯೆಯ ಮಾತು ಹಾಗಿರಲಿ, ದಾಂಪತ್ಯದ ಮಾತನ್ನು ಎತ್ತದಿರುವುದೇ ಲೇಸು.

ಬಲೆಯ ನಡುವೆ ಅವಳು ತಲೆ ಕೆಳಗಾಗಿ, ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಕುಳಿತರೆ ಗುಣಾಕಾರದ ಚಿಹ್ನೆಯಂತೆ ಕಾಣುತ್ತಾಳೆ. ಆ ಕಾಲುಗಳ ತುದಿಯಿಂದ ಹೊರಕ್ಕೆ ಅಂಕುಡೊಂಕಾದ ಬಿಳಿಯ ಪಟ್ಟಿ: ಒಮ್ಮೆ ನಾಲ್ಕು, ಒಮ್ಮೆ ಒಂದೇ ಎರಡು. ನೇಯ್ದವಳು ತನ್ನ ನೇಯ್ಗೆಗೆ ರುಜು ಹಾಕಿದಂತೆ! ಸಹಿ ಜೇಡ ಎಂಬ ಹೆಸರು ಬಂದದ್ದು ಇದರಿಂದಲೇ. ಅದು ಅತಿನೇರಳೆ ಬೆಳಕನ್ನು ಪ್ರತಿಫಲಿಸಿ ಕೀಟಗಳನ್ನು ಸೆಳೆಯುತ್ತದೆಂದು ಕೆಲವರು. ಹಕ್ಕಿಗಳು ಬಲೆಗೆ ನುಗ್ಗದಂತೆ ಎಚ್ಚರಿಸುತ್ತದೆಂದು ಮತ್ತೆ ಕೆಲವರು. ಪಂಡಿತರ ವ್ಯಾಜ್ಯ ಇನ್ನೂ ಮುಗಿದಿಲ್ಲ. ಅವಳಿಗೆ ಅದರ ಗೊಡವೆಯೂ ಇಲ್ಲ. ಮಿಡತೆಯೊಂದು ಸಿಕ್ಕಿದರೆ ಓಡಿಬಂದು, ಹಿಂಗಾಲುಗಳಿಂದ ನೂಲನ್ನು ಎಳೆದೆಳೆದು ಸುತ್ತಿ, ಗಂಟು ಮಾಡಿದ ಮೇಲೆಯೇ ಸಾಮಾನ್ಯವಾಗಿ ಕಚ್ಚುವುದು. ಯಾರಾದರೂ ಕೆಣಕಿದರೆ ಬಲೆಯನ್ನು ಜೋರಾಗಿ ತೂಗಾಡಿಸುತ್ತಾಳೆ. ಅದಕ್ಕೂ ಜಗ್ಗದಿದ್ದರೆ ಕೆಳಗುದುರಿ ಮರೆಯಾಗುತ್ತಾಳೆ.

ಬಲೆ ಹಳತಾದರೆ ಆ ನೂಲನ್ನು ತಾನೇ ನುಂಗುತ್ತಾಳೆ. ಅದರ ಸಾರವೇ ಮತ್ತೆ ಹೊಸ ನೂಲಾಗುತ್ತದೆ. ಮೊಳಕಾಲ್ಮೂರಿನ ನೇಕಾರನಿಗೆ ಈ ಭಾಗ್ಯವಿಲ್ಲ. ದಿನಗಟ್ಟಲೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ದುಡಿದರೂ, ಮಾರಿಹೋಗದ ಸೀರೆಯಿಂದ ಹೊಟ್ಟೆ ತುಂಬದು. ಚಳ್ಳಕೆರೆಯ ಕಂಬಳಿಗೆ ಬೇರೊಂದು ಸಂಕಟ. ಉಣ್ಣೆಗೆ ಕುರಿ ಬೇಕು, ಕುರಿಗೆ ಹುಲ್ಲು ಬೇಕು, ಹುಲ್ಲಿಗೆ ಅಮೃತಮಹಲ್ ಕಾವಲು ಬೇಕು. 2007ರಿಂದೀಚೆಗೆ ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ರಕ್ಷಣಾ, ಅಣುವಿಜ್ಞಾನ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳ ಪಾಲಾಯಿತು. ಸುತ್ತ ಗೋಡೆ ಎದ್ದಿತು. ದೇಶಕ್ಕೆ ಅವು ಬೇಕೆನ್ನುವುದು ಸರಿಯೇ. ಕುರಿ ಕಾಯುವವನ ದಾರಿ ಮುಚ್ಚಿದ್ದೂ ಸುಳ್ಳಲ್ಲ.

ಜೇಡ ತನ್ನ ಮೊಟ್ಟೆಗಳನ್ನು ನೂಲಿನ ಚೀಲದಲ್ಲಿ ಕಟ್ಟಿಡುತ್ತಾಳೆ. ಮರಿಗಳನ್ನು ಸಾಕುವ ಗೋಜಿಗೆ ಹೋಗುವುದಿಲ್ಲ. ಹೊರಬಂದ ಮರಿಗಳು ಎಳೆಯೊಂದನ್ನು ಗಾಳಿಗೆ ಬಿಟ್ಟು, ಅದರೊಡನೆ ತೇಲಿ, ಗೋಡೆಯ ಆಚೆಗೂ ಈಚೆಗೂ ಇಳಿಯುತ್ತವೆ.